ಬಚ್ಚಿಡುವ ಕೆಲಸಕ್ಕೆ ರಜೆ ಇಲ್ಲ

ಮದುವೆ ಮನೆ. ಊಟದ ಪಂಕ್ತಿ. ಎಲೆಗೆ ಪಾಯಸ ಬೀಳುವ ಹೊತ್ತಿಗೆ ಪಕ್ಕದಲ್ಲಿ ಕೂತ ದೊಡ್ಡಮ್ಮ ಕೇಳುತ್ತಾರೆ: ‘ಏನಪ್ಪಾ, ನಿನ್ನ ಮದುವೆ ಊಟ ಯಾವಾಗ ಹಾಕಿಸ್ತೀಯಾ?’ ಕೇಳಿದ್ದರಲ್ಲಿ ಕೆಟ್ಟದ್ದೇನೂ ಇಲ್ಲ, ಪ್ರೀತಿಯಿಂದಲೇ ಕೇಳಿದ್ದು. ಇಪ್ಪತ್ತೆಂಟರ ಯಾವ ಹುಡುಗನಾದರೂ ‘ನೀವೇ ಹುಡುಗಿ ನೋಡಿ ದೊಡ್ಡಮ್ಮ’ ಅಂತ ನಕ್ಕು ಹೋಳಿಗೆ ಮುರಿಯುತ್ತಾನೆ.

ಆ ಹುಡುಗ ಗೇ ಆಗಿದ್ದರೆ ಅವನೂ ನಗುತ್ತಾನೆ. ಅದೇ ಉತ್ತರ ಕೊಡುತ್ತಾನೆ. ಒಳಗೆ ಮಾತ್ರ ಅಷ್ಟರಲ್ಲೇ ಹತ್ತು ಲೆಕ್ಕ ಆಗಿಹೋಗಿರುತ್ತದೆ. ನಗು ಸಹಜವಾಗಿ ಬಂತಾ? ದೊಡ್ಡಮ್ಮನಿಗೆ ಅನುಮಾನ ಬಂದಿರಬಹುದಾ? ಎದುರು ಸಾಲಿನಲ್ಲಿ ಕೂತ ಗೆಳೆಯನ ಕಡೆ ಎಷ್ಟು ಸಲ ನೋಡಿದೆ? ಮುಂದಿನ ತಿಂಗಳ ಗೃಹಪ್ರವೇಶ ತಪ್ಪಿಸಿಕೊಳ್ಳಲು ಯಾವ ನೆಪ ಹೇಳಲಿ? ಪಾಯಸದ ರುಚಿ ಅವನಿಗೆ ಗೊತ್ತಾಗಿರುವುದಿಲ್ಲ.

ಗೇ, ಲೆಸ್ಬಿಯನ್, ಟ್ರಾನ್ಸ್ ಮೊದಲಾದ ಲೈಂಗಿಕ ಅಲ್ಪಸಂಖ್ಯಾತರಲ್ಲಿ ಖಿನ್ನತೆ, ಆತಂಕ, ಸಾಯುವ ಯೋಚನೆ ಉಳಿದವರಿಗಿಂತ ಜಾಸ್ತಿ ಅನ್ನುವುದು ಹಲವು ದೇಶಗಳ ಅಧ್ಯಯನಗಳಲ್ಲಿ ಮತ್ತೆ ಮತ್ತೆ ಕಂಡ ಸಂಗತಿ. ಇದನ್ನು ಕೇಳಿದವರಲ್ಲಿ ಎರಡು ಬಗೆ. ‘ನೋಡಿದ್ರಾ, ಅದೇ ಒಂದು ಕಾಯಿಲೆ, ಅದಕ್ಕೇ ಹೀಗೆ’ ಅನ್ನುವವರು ಒಂದು ಕಡೆ. ‘ಪಾಪ, ಕೌನ್ಸೆಲಿಂಗ್ ಕೊಡಿಸಬೇಕು’ ಅನ್ನುವವರು ಇನ್ನೊಂದು ಕಡೆ. ಮೊದಲನೆಯವರದು ತಪ್ಪು ಅಂತ ವಿಜ್ಞಾನ ಬಹಳ ಹಿಂದೆಯೇ ತೋರಿಸಿದೆ. ಎರಡನೆಯವರದು ಅರ್ಧ ಸರಿ. ಕೌನ್ಸೆಲಿಂಗ್ ಬೇಕು ನಿಜ, ಆದರೆ ಯಾರಿಗೆ ಅನ್ನುವಲ್ಲಿ ಅವರು ಎಡವುತ್ತಾರೆ.

ಮೊದಲು ಕಾಯಿಲೆಯ ಮಾತು ಮುಗಿಸೋಣ. 1950ರ ದಶಕದವರೆಗೆ ಸಲಿಂಗಪ್ರೇಮಿಗಳ ಬಗ್ಗೆ ಬರೆದ ಅಮೆರಿಕದ ಡಾಕ್ಟರುಗಳು ಹೆಚ್ಚಾಗಿ ನೋಡಿದ್ದು ಆಸ್ಪತ್ರೆಗೆ, ಜೈಲಿಗೆ ಬಂದವರನ್ನು. ಅಲ್ಲಿ ಸಿಕ್ಕವರೆಲ್ಲ ಕಷ್ಟದಲ್ಲಿದ್ದರು ಅನ್ನುವುದರಲ್ಲಿ ಆಶ್ಚರ್ಯ ಏನಿದೆ? ಎವೆಲಿನ್ ಹೂಕರ್ ಅನ್ನುವ ಮನಶ್ಶಾಸ್ತ್ರಜ್ಞೆ ಬೇರೆ ದಾರಿ ಹಿಡಿದರು. ಚಿಕಿತ್ಸೆ ತೆಗೆದುಕೊಳ್ಳದೆ ತಮ್ಮ ಪಾಡಿಗೆ ಬದುಕುತ್ತಿದ್ದ 30 ಗೇ ಗಂಡಸರು, ಗೇ ಅಲ್ಲದ 30 ಗಂಡಸರು, ಎಲ್ಲರಿಗೂ ಒಂದೇ ಮಾನಸಿಕ ಪರೀಕ್ಷೆ ಕೊಟ್ಟರು. ಉತ್ತರಗಳನ್ನು ಗುರುತು ತೆಗೆದು ಪರಿಣತರ ಮುಂದಿಟ್ಟು, ಯಾರು ಯಾವ ಗುಂಪು ಹೇಳಿ ಅಂದರು. ಅವರಿಗೆ ಹೇಳಲು ಆಗಲಿಲ್ಲ. ಇದು ಪ್ರಕಟವಾದದ್ದು 1957ರಲ್ಲಿ. ಅಮೆರಿಕದ ಮನೋವೈದ್ಯರ ಸಂಘ ಸಲಿಂಗಪ್ರೇಮವನ್ನು ಕಾಯಿಲೆಗಳ ಪಟ್ಟಿಯಿಂದ ತೆಗೆಯಲು 1973 ಆಯಿತು. ವಿಶ್ವ ಆರೋಗ್ಯ ಸಂಸ್ಥೆ ತೆಗೆದದ್ದು 1990ರಲ್ಲಿ.

ಹಾಗಾದರೆ ಕಷ್ಟ ಎಲ್ಲಿಂದ ಬರುತ್ತದೆ? ಅಮೆರಿಕದ ಸಂಶೋಧಕ ಇಲಾನ್ ಮೇಯರ್ 1995ರಲ್ಲಿ ಬರೆದು 2003ರಲ್ಲಿ ಬೆಳೆಸಿದ ವಿವರಣೆಯನ್ನು ಈಗ ಎಲ್ಲರೂ ಬಳಸುತ್ತಾರೆ. ‘ಅಲ್ಪಸಂಖ್ಯಾತರ ಒತ್ತಡ’ ಅಂತ ಅದರ ಹೆಸರು. ಎಲ್ಲರಿಗೂ ಇರುವ ಕೆಲಸದ ಒತ್ತಡ, ಸಾಲದ ಒತ್ತಡದ ಮೇಲೆ ಇದೊಂದು ಬೇರೆಯೇ ಹೊರೆ. ಒಂದು ಪದರ ಹೊರಗಿನದು: ಹೊಡೆತ, ಬೈಗುಳ, ಕೆಲಸದಿಂದ ತೆಗೆಯುವುದು, ಬಾಡಿಗೆ ಮನೆ ಕೊಡದಿರುವುದು. ಅದು ಎಲ್ಲರ ಕಣ್ಣಿಗೂ ಬೀಳುತ್ತದೆ. ಉಳಿದವು ಒಳಗಿನವು. ಇವತ್ತು ಏನಾದರೂ ಅಂದಾರು ಅಂತ ಕಾಯುವುದು. ಗೊತ್ತಾಗದ ಹಾಗೆ ಬಚ್ಚಿಡುವುದು. ಕೊನೆಗೆ ಊರು ಹೇಳಿದ್ದನ್ನೇ ನಂಬಿ, ‘ನಾನೇ ಸರಿಯಿಲ್ಲ’ ಅಂತ ತನ್ನನ್ನೇ ಹಳಿದುಕೊಳ್ಳುವುದು.

ಮೆಜೆಸ್ಟಿಕ್‌ನಲ್ಲಿ ರಶ್ ಬಸ್ ಹತ್ತಿದವರು ಪರ್ಸಿನ ಮೇಲೆ ಕೈ ಇಟ್ಟುಕೊಂಡೇ ನಿಂತಿರುತ್ತಾರಲ್ಲ, ಹಾಗೆ. ಯಾರೂ ಕದಿಯದಿದ್ದರೂ ಕೈ ಅಲ್ಲೇ. ಅರ್ಧ ಗಂಟೆಯಾದರೆ ಸರಿ. ವರ್ಷಗಟ್ಟಲೆ ಹಾಗೇ ನಿಂತಿದ್ದರೆ ಕೈ ಸೋಲುತ್ತದೆ, ಅಲ್ವಾ?

ನಮ್ಮ ಭಾಷೆಯಲ್ಲಿ ಈ ಬಚ್ಚಿಡುವ ಕೆಲಸ ಇನ್ನೂ ಜಟಿಲ. ಸೋಮವಾರ ಆಫೀಸಿನಲ್ಲಿ ‘ಭಾನುವಾರ ಏನು ಮಾಡಿದ್ರಿ’ ಅಂತ ಕೇಳುತ್ತಾರೆ. ಸಿನಿಮಾಕ್ಕೆ ಹೋಗಿದ್ದೆ. ಯಾರ ಜೊತೆ? ಕನ್ನಡದ ಕ್ರಿಯಾಪದ ಬಾಯಿಬಿಟ್ಟ ಕೂಡಲೇ ಗುಟ್ಟು ಹೇಳಿಬಿಡುತ್ತದೆ: ಬಂದಿದ್ದ, ಬಂದಿದ್ದಳು. ಒಂದೇ ಒಂದು ಕಿಂಡಿ ಇದೆ, ಅದು ‘ಅವರು’. ‘ಫ್ರೆಂಡ್ ಒಬ್ಬರು ಬಂದಿದ್ರು’ ಅಂದರೆ ಗೌರವವೂ ಆಯಿತು, ಗುಟ್ಟೂ ಉಳಿಯಿತು. ಜೊತೆಯಲ್ಲಿ ಬದುಕುವವನ ಬಗ್ಗೆ ವರ್ಷಾನುಗಟ್ಟಲೆ ಹೀಗೆ ಬಹುವಚನದಲ್ಲೇ ಮಾತಾಡುವವರಿದ್ದಾರೆ. ಟ್ರಾನ್ಸ್ ವ್ಯಕ್ತಿಗೆ, ಅಂದರೆ ಹುಟ್ಟಿದಾಗ ಬರೆಸಿದ ಲಿಂಗ ತನ್ನದಲ್ಲ ಅನ್ನುವವರಿಗೆ, ಇದೇ ವ್ಯಾಕರಣ ಉಲ್ಟಾ ಹೊಡೆಯುತ್ತದೆ. ‘ಬಂದಳು’ ಅನ್ನಬೇಕಾದ ಕಡೆ ಮನೆಯವರು ದಿನಕ್ಕೆ ನೂರು ಸಲ ‘ಬಂದ’ ಅನ್ನುತ್ತಾರೆ. ಪ್ರತಿ ವಾಕ್ಯದ ಕೊನೆಯಲ್ಲೂ ಒಂದು ಸಣ್ಣ ಗುದ್ದು.

ಇನ್ನು ‘ಸಲಿಂಗಕಾಮಿ’ ಅನ್ನುವ ಪದ. ಪತ್ರಿಕೆಗಳು ಸುಮ್ನೆ ರೂಢಿಯಿಂದ ಬಳಸುತ್ತವೆ. ಇಡೀ ಮನುಷ್ಯನನ್ನು ಕಾಮಕ್ಕೆ ಇಳಿಸುವ ಪದ ಅದು. ಉಳಿದವರನ್ನು ಯಾರೂ ‘ಭಿನ್ನಲಿಂಗಕಾಮಿ’ ಅಂತ ಕರೆಯುವುದಿಲ್ಲ. ಅವರು ಗಂಡ, ಹೆಂಡತಿ, ಪ್ರೇಮಿ. ನಾನು ಸಲಿಂಗಪ್ರೇಮಿ ಅಂತಲೇ ಬರೆಯುತ್ತೇನೆ.

ಊರು ಹಚ್ಚುವ ಈ ಕಳಂಕದಿಂದ ಮನಸ್ಸು ಕೆಡುತ್ತದೆ ಅನ್ನುವುದು ಬರೀ ವಾದವೇ? ಅಳೆದು ನೋಡಿದವರಿದ್ದಾರೆ. ಅಮೆರಿಕದ ಕೆಲವು ರಾಜ್ಯಗಳು 2004–05ರ ಚುನಾವಣೆಗಳಲ್ಲಿ ಸಲಿಂಗ ವಿವಾಹ ಬೇಡ ಅಂತ ಜನರಿಂದ ಮತ ಹಾಕಿಸಿ ತಮ್ಮ ಸಂವಿಧಾನವನ್ನೇ ತಿದ್ದಿದವು. ಅದಕ್ಕೆ ಮೊದಲು ಮತ್ತು ಆಮೇಲೆ ನಡೆದ ಒಂದು ದೊಡ್ಡ ಆರೋಗ್ಯ ಸಮೀಕ್ಷೆಯನ್ನು ಮಾರ್ಕ್ ಹ್ಯಾಟ್ಸೆನ್‌ಬ್ಯೂಲರ್ ಮತ್ತು ಜೊತೆಗಾರರು ಹೋಲಿಸಿ 2010ರಲ್ಲಿ ಪ್ರಕಟಿಸಿದರು. ಆ ರಾಜ್ಯಗಳ ಗೇ, ಲೆಸ್ಬಿಯನ್, ಬೈಸೆಕ್ಷುವಲ್ ಜನರಲ್ಲಿ ಖಿನ್ನತೆಯಂಥ ತೊಂದರೆಗಳು ಶೇ 36ಕ್ಕೂ ಜಾಸ್ತಿ ಏರಿದ್ದವು. ಸದಾ ಕಾಡುವ ಆತಂಕದ ಕಾಯಿಲೆ ಮೂರು ಪಟ್ಟು ದಾಟಿತ್ತು. ತಿದ್ದುಪಡಿ ಮಾಡದ ರಾಜ್ಯಗಳಲ್ಲಿ ಇಂಥ ಏರಿಕೆ ಇಲ್ಲ. ತಿದ್ದುಪಡಿಯಾದ ಕಡೆಯೂ ಉಳಿದ ಜನರಲ್ಲಿ ಈ ಪ್ರಮಾಣದ ಏರಿಕೆ ಕಾಣಲಿಲ್ಲ. ಯಾರನ್ನೂ ಹೊಡೆಯಲಿಲ್ಲ, ಜೈಲಿಗೆ ಹಾಕಲಿಲ್ಲ. ಅವರಿಗೆ ಮೊದಲು ಇದ್ದ ಯಾವ ಹಕ್ಕನ್ನೂ ಹೆಚ್ಚಿನ ಕಡೆ ಕಿತ್ತುಕೊಂಡದ್ದೂ ಅಲ್ಲ. ಪಕ್ಕದ ಮನೆಯವರು ತಮ್ಮ ವಿರುದ್ಧ ಮತ ಹಾಕಿದರು ಅಂತ ಗೊತ್ತಾಯಿತು, ಅಷ್ಟೇ. ಇದರ ಇನ್ನೊಂದು ಮುಖ 2017ರಲ್ಲಿ ಬಂದ ಅಧ್ಯಯನ: ಸಲಿಂಗ ವಿವಾಹಕ್ಕೆ ಒಪ್ಪಿಗೆ ಕೊಟ್ಟ ರಾಜ್ಯಗಳಲ್ಲಿ ಹೈಸ್ಕೂಲು ಮಕ್ಕಳ ಆತ್ಮಹತ್ಯೆ ಯತ್ನಗಳು ಒಟ್ಟಾರೆ ಶೇ 7ರಷ್ಟು ತಗ್ಗಿದ್ದವು.

ಇಂಥದ್ದೊಂದು ಏರಿಳಿತ ನಮ್ಮಲ್ಲೂ ನಡೆಯಿತು. ಬ್ರಿಟಿಷರು 1860ರಲ್ಲಿ ಬರೆದ, ಸಲಿಂಗ ಸಂಬಂಧವನ್ನೂ ಅಪರಾಧ ಅನ್ನುವ 377ನೇ ಸೆಕ್ಷನ್ನಿನ ಹಿಡಿತವನ್ನು ದೆಹಲಿ ಹೈಕೋರ್ಟ್ 2009ರ ಜುಲೈ 2ರಂದು ಸಡಿಲಿಸಿತು. ಧೈರ್ಯ ಮಾಡಿ ಮನೆಯಲ್ಲಿ, ಆಫೀಸಿನಲ್ಲಿ ಹೇಳಿಕೊಂಡವರಿದ್ದರು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತು. ಹೇಳಿದ ಮಾತನ್ನು ವಾಪಸ್ ನುಂಗಲು ಆಗುತ್ತದಾ? ಒಂದೇ ಬೆಳಗ್ಗೆ ಅವರೆಲ್ಲ ಮತ್ತೆ ಕಾನೂನಿನ ಕಣ್ಣಲ್ಲಿ ಅಪರಾಧಿಗಳು. ಆ ತೀರ್ಪಿನ ಒಂದು ವಾದ ಹೀಗಿತ್ತು: ಈ ಜನ ದೇಶದ ಒಂದು ಅತಿ ಸಣ್ಣ ಭಾಗ, 150 ವರ್ಷಗಳಲ್ಲಿ ಈ ಸೆಕ್ಷನ್ನಿನಡಿ ವಿಚಾರಣೆಗೆ ಗುರಿಯಾದವರು 200 ಜನರೂ ಇಲ್ಲ.

ಕಳಂಕ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿಲ್ಲದವರು ಮಾತ್ರ ಹೀಗೆ ಎಣಿಸಬಲ್ಲರು. ನಾಗರಿಕ ಹಕ್ಕುಗಳ ಸಂಘಟನೆಯಾದ ಪಿಯುಸಿಎಲ್‌ನ ಕರ್ನಾಟಕ ಘಟಕ 2001ರಲ್ಲಿ ತಂದ ವರದಿ ಓದಿದರೆ ಸಾಕು. ಬೆಂಗಳೂರಿನ ಪಾರ್ಕುಗಳಲ್ಲಿ ಪೊಲೀಸರು ಗಂಡಸರನ್ನು ಹಿಡಿಯುತ್ತಿದ್ದರು, ಬೆದರಿಸುತ್ತಿದ್ದರು, ಹಣ ಕೀಳುತ್ತಿದ್ದರು. ಕೇಸು ಹಾಕುತ್ತಿರಲಿಲ್ಲ. ಕೇಸು ಹಾಕುವ ಅಗತ್ಯವೇ ಇರಲಿಲ್ಲ. ‘ಮನೆಗೆ ಫೋನ್ ಮಾಡ್ತೀನಿ’ ಅಂದರೆ ಮುಗಿಯಿತು. ಕೋರ್ಟಿನ ಕಡತಕ್ಕೆ ಬರದ ಅಂಥ ಹೆದರಿಕೆಗೆ ಲೆಕ್ಕ ಎಲ್ಲಿದೆ?

ಮುಂದಿನ ತಿರುವಿಗೆ ಕನ್ನಡಿಗರೊಬ್ಬರ ಹೆಸರು ಅಂಟಿಕೊಂಡಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಕೋರ್ಟಿಗೆ ಹೋದದ್ದು ಆಧಾರ್ ವಿರುದ್ಧ. ಆ ಕೇಸಿನಲ್ಲಿ 2017ರ ಆಗಸ್ಟ್ 24ರಂದು ಬಂದ ತೀರ್ಪು ಖಾಸಗಿತನ ಮೂಲಭೂತ ಹಕ್ಕು, ಒಬ್ಬರ ಲೈಂಗಿಕ ಒಲವೂ ಅದರೊಳಗೇ ಬರುತ್ತದೆ ಅಂದಿತು. ಮರುವರ್ಷ, 2018ರ ಸೆಪ್ಟೆಂಬರ್ 6ರಂದು, ಒಪ್ಪಿಗೆಯಿರುವ ವಯಸ್ಕರ ಮಟ್ಟಿಗೆ 377 ಬಿದ್ದುಹೋಯಿತು. ಈ ಜನರಿಗೂ ಅವರ ಕುಟುಂಬಗಳಿಗೂ ಇತಿಹಾಸ ಕ್ಷಮೆ ಕೇಳಬೇಕು ಅಂತ ನ್ಯಾಯಮೂರ್ತಿ ಇಂದು ಮಲ್ಹೋತ್ರಾ ಬರೆದರು. ‘ಕುಟುಂಬಗಳಿಗೂ’ ಅನ್ನುವ ಮಾತನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತದೆ.

ಕಾನೂನು ಹೋಯಿತು. ದೊಡ್ಡಮ್ಮನ ಪ್ರಶ್ನೆ ಹೋಗಲಿಲ್ಲ. ನಮ್ಮಲ್ಲಿ ಕಳಂಕದ ಮುಖ್ಯ ಕಚೇರಿ ಪೊಲೀಸ್ ಠಾಣೆಯಲ್ಲ, ಮನೆ. ನಮ್ಮದೇ ಒಂದು ಗಾದೆ ಇದೆ: ಹುಚ್ಚು ಬಿಡೋವರೆಗೆ ಮದುವೆ ಆಗಲ್ಲ, ಮದುವೆ ಆಗೋವರೆಗೆ ಹುಚ್ಚು ಬಿಡಲ್ಲ. ತಮಾಷೆಗೆ ಹುಟ್ಟಿದ ಮಾತು. ಆದರೆ ಎಷ್ಟೋ ಮನೆಗಳಲ್ಲಿ ಅದರ ಎರಡನೇ ಅರ್ಧವನ್ನು ಡಾಕ್ಟರ ಚೀಟಿಯ ಹಾಗೆ ಪಾಲಿಸುತ್ತಾರೆ. ಮಗ ಹೇಳಿಕೊಂಡರೆ ಮೊದಲು ಅಳು, ಆಮೇಲೆ ಹರಕೆ, ಆಮೇಲೆ ಜಾತಕ, ಕೊನೆಗೆ ‘ಮದುವೆ ಆದ್ರೆ ಎಲ್ಲ ಸರಿಹೋಗುತ್ತೆ’. ಸರಿಹೋಗುವುದಿಲ್ಲ. ಈಗ ಒಬ್ಬರ ಬದಲು ಇಬ್ಬರ ಮನಸ್ಸು ಮುರಿಯುತ್ತದೆ. ಏನೂ ತಿಳಿಯದೆ ತಾಳಿ ಕಟ್ಟಿಸಿಕೊಂಡ ಹುಡುಗಿ ‘ನನ್ನಲ್ಲೇ ಏನೋ ಕೊರತೆ’ ಅಂತ ವರ್ಷಗಟ್ಟಲೆ ಕೊರಗುತ್ತಾಳೆ. ಅವಳ ಖಿನ್ನತೆ ಯಾರ ಲೆಕ್ಕದಲ್ಲೂ ಬರುವುದಿಲ್ಲ. ಬರಬೇಕು.

ಮಗಳಾದರೆ ಕಥೆ ಇನ್ನೂ ಬಿಗಿ. ಗಂಡು ಮಕ್ಕಳಿಗೆ ಬೆಂಗಳೂರಿಗೆ ಓಡಿಹೋಗುವ ದಾರಿಯಾದರೂ ಇದೆ. ಹುಡುಗಿಯಾದರೆ ಫೋನ್ ಕಿತ್ತುಕೊಳ್ಳುತ್ತಾರೆ, ಕೆಲಸ ಬಿಡಿಸುತ್ತಾರೆ, ತಿಂಗಳೊಳಗೆ ಗಂಡು ನೋಡುತ್ತಾರೆ. ಓಡಿಹೋದರೆ ಕಾಣೆಯಾದ ದೂರು. ಬೆನ್ನಿಗೆ ಪೊಲೀಸ್.

ಮನೆಯವರ ನಡವಳಿಕೆ ಎಷ್ಟು ದೂರ ಹೋಗಿ ತಟ್ಟುತ್ತದೆ ಅನ್ನುವುದನ್ನು ಅಮೆರಿಕದ ಸಂಶೋಧಕಿ ಕ್ಯಾಟ್ಲಿನ್ ರಯಾನ್ ತಂಡ 2009ರಲ್ಲಿ ತೋರಿಸಿತು. ಅವರು ಮಾತಾಡಿಸಿದ್ದು ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ 21ರಿಂದ 25 ವಯಸ್ಸಿನ 224 ಯುವಕ ಯುವತಿಯರನ್ನು. ಹದಿವಯಸ್ಸಿನಲ್ಲಿ ಮನೆಯವರಿಂದ ಬಹಳ ತಿರಸ್ಕಾರ ಉಂಡವರಲ್ಲಿ ಆತ್ಮಹತ್ಯೆಗೆ ಯತ್ನಿಸಿದ ಸಂಭವ 8.4 ಪಟ್ಟು ಜಾಸ್ತಿ, ತೀವ್ರ ಖಿನ್ನತೆಯ ಸಂಭವ 5.9 ಪಟ್ಟು ಜಾಸ್ತಿ ಇತ್ತು. ಹೋಲಿಸಿದ್ದು ಯಾರ ಜೊತೆ? ತಿರಸ್ಕಾರವೇ ಇಲ್ಲದ ಅಥವಾ ಬಹಳ ಕಡಿಮೆ ಇದ್ದ ಮನೆಗಳ ಮಕ್ಕಳ ಜೊತೆ. ಅವರೂ ಗೇ, ಲೆಸ್ಬಿಯನ್, ಬೈಸೆಕ್ಷುವಲ್ಲೇ. ಅಂದರೆ ಒಲವು ಒಂದೇ, ಮನೆ ಬೇರೆ.

ಟ್ರಾನ್ಸ್ ಜನರ ಸಂಗತಿ ಬೇರೆ, ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದು ತಪ್ಪು. ಗೇ ಹುಡುಗ ಬಚ್ಚಿಟ್ಟು ದಣಿಯುತ್ತಾನೆ. ಎಷ್ಟೋ ಟ್ರಾನ್ಸ್ ಹೆಣ್ಣುಗಳಿಗೆ ಬಚ್ಚಿಡಲು ಆಗುವುದೇ ಇಲ್ಲ. ಯಕ್ಷಗಾನದ ಸ್ತ್ರೀವೇಷಕ್ಕೆ ಚಪ್ಪಾಳೆ ಹೊಡೆದ ಊರೇ ಬಸ್‌ಸ್ಟ್ಯಾಂಡಿನಲ್ಲಿ ಅಂಥದೇ ನಡಿಗೆ ಕಂಡರೆ ‘ಒಂಬತ್ತು’ ಅಂತ ಕೂಗುತ್ತದೆ.

ಉತ್ತರ ಕರ್ನಾಟಕ ಇದಕ್ಕೆ ಬಹಳ ಹಿಂದೆಯೇ ಒಂದು ಉಪಾಯ ಕಂಡುಕೊಂಡಿತ್ತು. ಗಂಡಾಗಿ ಹುಟ್ಟಿದ ಮಗುವಿನಲ್ಲಿ ಹೆಣ್ಣಿನ ಚಹರೆ ಕಂಡರೆ ‘ಎಲ್ಲಮ್ಮ ಹಿಡಿದಾಳ’ ಅಂತ ಮುತ್ತು ಕಟ್ಟಿಸಿ ಜೋಗಪ್ಪ ಮಾಡುತ್ತಾರೆ. ಚೌಡಿಕೆ, ಕೊಡ, ಸವದತ್ತಿಯ ಜಾತ್ರೆ. ಕಳಂಕದ ದೃಷ್ಟಿಯಿಂದ ನೋಡಿದರೆ ಇದು ಜಾಣ ಏರ್ಪಾಡು. ನಾಲ್ಕು ಜನರಿಗೆ ಹೇಳಲು ಮನೆಯವರಿಗೆ ಒಂದು ಕಥೆ ಸಿಗುತ್ತದೆ. ತಪ್ಪು ಮಗುವಿನದಲ್ಲ, ಹೆತ್ತವರದಲ್ಲ, ದೇವಿಯ ಇಚ್ಛೆ. ಹಾಗಂತ ಇದನ್ನು ಬಹಳ ಹೊಗಳಲಾರೆ. ಕಾಲಿಗೆ ಬೀಳುವ ಜನ ಮನೆಯೊಳಗೆ ಕರೆಯುವುದಿಲ್ಲ. ಜೋಗಪ್ಪನಿಗೆ ಪ್ರೀತಿ, ಸಂಸಾರ ಬೇಕು ಅನಿಸಬಾರದು. ಮಂಜಮ್ಮ ಜೋಗತಿ ಮನೆ ಬಿಟ್ಟು, ಒಮ್ಮೆ ಸಾಯಲೂ ಹೊರಟು, ಭಿಕ್ಷೆ ಬೇಡಿದ ದಿನಗಳ ಬಗ್ಗೆ ತಾವೇ ಹೇಳಿಕೊಂಡಿದ್ದಾರೆ. ಜೋಗತಿ ನೃತ್ಯ ಅವರನ್ನು ಎತ್ತಿ ನಿಲ್ಲಿಸಿತು. 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ತೆಗೆದುಕೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗೆ ದೃಷ್ಟಿ ನಿವಾಳಿಸಿದ್ದನ್ನು ದೇಶವೆಲ್ಲ ನೋಡಿತು.

ಅದೇ ಕರ್ನಾಟಕ 2011ರಲ್ಲಿ ಪೊಲೀಸ್ ಕಾಯ್ದೆಗೆ 36ಎ ಅನ್ನುವ ಸೆಕ್ಷನ್ ಸೇರಿಸಿ, ಹಿಜ್ರಾಗಳ ಹೆಸರು, ವಿಳಾಸ ಬರೆದಿಡುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತ್ತು. ಹಿಜ್ರಾಗಳನ್ನು ಹೀಗೇ ಪಟ್ಟಿ ಮಾಡಿಸಿದ ಬ್ರಿಟಿಷರ 1871ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ನೆರಳೇ ಅದು. ಸಮುದಾಯದವರು ಕೋರ್ಟಿಗೆ ಹೋದ ಮೇಲೆ 2016ರಲ್ಲಿ ಅವರನ್ನು ಹೆಸರಿಸುವ ಪದ ತೆಗೆದರು. ಐದು ವರ್ಷ ಕಳೆದು ಇದೇ ರಾಜ್ಯ ಟ್ರಾನ್ಸ್ ಜನರಿಗೆ ಸರ್ಕಾರಿ ಕೆಲಸದಲ್ಲಿ ಶೇ 1 ಮೀಸಲಾತಿ ಕೊಟ್ಟಿತು, ದೇಶದಲ್ಲೇ ಮೊದಲು. ಹತ್ತೇ ವರ್ಷದಲ್ಲಿ ಪೊಲೀಸರ ಪಟ್ಟಿಯಿಂದ ನೇಮಕಾತಿ ಪಟ್ಟಿಗೆ! ಖುಷಿಪಡಬೇಕಾದ್ದೇ. ಆದರೆ ಎಸ್ಸೆಸ್ಸೆಲ್ಸಿಗೆ ಮೊದಲೇ ಗೇಲಿ ತಾಳಲಾರದೆ ಶಾಲೆ ಬಿಟ್ಟವರಿಗೆ ಆ ಶೇ 1 ಎಷ್ಟು ದೂರ ಅಂತ ಯೋಚಿಸಿ.

ಸರಿ, ಇಷ್ಟೆಲ್ಲ ಆದ ಮೇಲೆ ಮನಸ್ಸು ಕೆಟ್ಟವರು ಎಲ್ಲಿಗೆ ಹೋಗಬೇಕು? ಡಾಕ್ಟರ ಹತ್ತಿರ. ತೊಡಕು ಅಲ್ಲೂ ಇದೆ. ‘ಬದಲಾಯಿಸಿಕೊಡ್ತೀವಿ’ ಅಂತ ಮಾತ್ರೆ, ಹಾರ್ಮೋನು, ಕರೆಂಟ್ ಶಾಕ್ ಕೊಟ್ಟವರು ಬೀದಿಬದಿಯ ನಾಟಿ ವೈದ್ಯರಷ್ಟೇ ಅಲ್ಲ, ಡಿಗ್ರಿ ಪಡೆದವರೂ ಇದ್ದಾರೆ. ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಇದು ಕಾಯಿಲೆಯಲ್ಲ ಅಂತ ಸ್ಪಷ್ಟವಾಗಿ ಹೇಳಿತು. ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಇಂಥ ‘ಚಿಕಿತ್ಸೆ’ ವೃತ್ತಿಯ ದುರ್ನಡತೆ ಅಂದಿತು. ಅದೇ ಆಯೋಗ 2024ರ ಆಗಸ್ಟ್ ಕೊನೆಯಲ್ಲಿ ಬಿಟ್ಟ ಎಂಬಿಬಿಎಸ್ ಪಠ್ಯಕ್ರಮದಲ್ಲಿ ಲೆಸ್ಬಿಯನ್ ಸಂಬಂಧ ಮತ್ತೆ ‘ಅಸಹಜ ಅಪರಾಧ’ಗಳ ಸಾಲಿನಲ್ಲಿ ಬಂದು ಕೂತಿತ್ತು. ಗಲಾಟೆಯಾಯಿತು, ಕೆಲವೇ ದಿನಗಳಲ್ಲಿ ಹಿಂದಕ್ಕೆ ತೆಗೆದುಕೊಂಡರು. ಕಣ್ತಪ್ಪು ಅಂತ ಬಿಟ್ಟುಬಿಡಬಹುದು. ನನಗೆ ಹಾಗನ್ನಿಸುವುದಿಲ್ಲ. ಹಳೆಯ ಪಾಠ ಓದಿ ಡಾಕ್ಟರಾದವರು ಇವತ್ತೂ ಕ್ಲಿನಿಕ್ಕಿನಲ್ಲಿ ಕೂತಿದ್ದಾರಲ್ಲ.

ಟ್ರಾನ್ಸ್ ಜನರಿಗೆ ಮನೋವೈದ್ಯರ ಜೊತೆ ಇನ್ನೊಂದು ವಿಚಿತ್ರ ಸಂಬಂಧ. ಹಾರ್ಮೋನು, ಸರ್ಜರಿ ಬೇಕಾದವರು ಮೊದಲು ಅವರ ಪತ್ರ ತರಬೇಕಾಗುತ್ತದೆ. ಹಾಗಾಗಿ ಎಷ್ಟೋ ಜನರಿಗೆ ಮನೋವೈದ್ಯರ ಭೇಟಿ ಅಂದರೆ ಒಂದು ಪರೀಕ್ಷೆ. ಪಾಸಾಗಬೇಕು. ‘ರಾತ್ರಿ ನಿದ್ದೆ ಬರಲ್ಲ ಡಾಕ್ಟ್ರೇ, ಸಾಯಬೇಕು ಅನ್ಸುತ್ತೆ’ ಅಂದರೆ ಪತ್ರ ತಡವಾದೀತು ಅಂತ ಬಾಯಿ ಕಟ್ಟಿಕೊಂಡು ಕೂರುತ್ತಾರೆ. ಕಷ್ಟ ಹೇಳಿಕೊಳ್ಳಬೇಕಾದ ಒಂದೇ ಕೋಣೆಯಲ್ಲೂ ಬಚ್ಚಿಡುವ ಕೆಲಸ ಮುಂದುವರಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿ 2022ರಿಂದ ಜಾರಿಗೆ ತಂದ ಹೊಸ ಪಟ್ಟಿಯಲ್ಲಿ ಟ್ರಾನ್ಸ್ ಆಗಿರುವುದನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗಿಟ್ಟಿದೆ. ಸಮಾಜದ ರೀತಿನೀತಿಗೆ ಹೊಂದಲಿಲ್ಲ ಅನ್ನುವ ಕಾರಣಕ್ಕೆ ಯಾರನ್ನೂ ಮಾನಸಿಕ ರೋಗಿ ಅನ್ನಬಾರದು ಅಂತ ನಮ್ಮ 2017ರ ಮಾನಸಿಕ ಆರೋಗ್ಯ ಕಾಯ್ದೆಯೂ ಹೇಳುತ್ತದೆ. ಕಾಗದ ಗಟ್ಟಿಯಾಗಿದೆ. ಕೋಣೆ ಬದಲಾಗಬೇಕು.

ಬದಲಾದ ಕೋಣೆಗಳೂ ಇವೆ. ಬೆಂಗಳೂರಿನ ‘ಗುಡ್ ಆ್ಯಸ್ ಯು’ ಗುಂಪು 1994ರಲ್ಲಿ ಶುರುವಾಯಿತು. 377 ಪೂರ್ತಿ ಜೀವಂತವಾಗಿದ್ದ ಕಾಲ. ಅಲ್ಲಿ ಸಿಗುತ್ತಿದ್ದದ್ದು ಔಷಧಿಯಲ್ಲ, ಸುಮ್ನೆ ಕೂತು ಮಾತಾಡುವ ಅವಕಾಶ. ಒಂದೆರಡು ಗಂಟೆ ಪರ್ಸಿನ ಮೇಲಿಂದ ಕೈ ತೆಗೆಯುವ ಅವಕಾಶ. ಬಚ್ಚಿಡುವುದೇ ಕಾಯಿಲೆಯ ಬೇರು ಅನ್ನುವುದಾದರೆ ಬಚ್ಚಿಡದೆ ಕೂರುವ ಜಾಗವೇ ಮದ್ದಿನ ಮೊದಲ ಗುಳಿಗೆ. ಇಂಥ ಜಾಗಗಳು ಬೆಂಗಳೂರಿನಲ್ಲಿ ಸಿಕ್ಕಷ್ಟು ಸುಲಭವಾಗಿ ರಾಯಚೂರಿನಲ್ಲಿ ಸಿಗುವುದಿಲ್ಲ. ಅಲ್ಲಿಯವರಿಗೆ ಸದ್ಯಕ್ಕೆ ಫೋನೇ ಹತ್ತಿರ. ಟೆಲಿಮಾನಸ್ ಸರ್ಕಾರದ ಉಚಿತ ಸೇವೆ, 2022ರಿಂದ ಇದೆ. ಹಗಲು ರಾತ್ರಿ ಯಾವಾಗ ಬೇಕಾದರೂ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.

ಕೌನ್ಸೆಲಿಂಗ್ ಯಾರಿಗೆ ಅನ್ನುವ ಪ್ರಶ್ನೆ ಬಾಕಿ ಉಳಿಯಿತು. 2021ರಲ್ಲಿ ಮಧುರೈನಿಂದ ಚೆನ್ನೈಗೆ ಓಡಿಬಂದ ಇಬ್ಬರು ಹುಡುಗಿಯರು ಮದ್ರಾಸ್ ಹೈಕೋರ್ಟಿಗೆ ಹೋದರು. ಒಟ್ಟಿಗೆ ಬದುಕಬೇಕು, ಪೊಲೀಸರು ಕಾಟ ಕೊಡಬಾರದು ಅನ್ನುವುದು ಅವರ ಬೇಡಿಕೆ. ನ್ಯಾಯಮೂರ್ತಿ ಎನ್. ಆನಂದ್ ವೆಂಕಟೇಶ್ ಹುಡುಗಿಯರ ಜೊತೆಗೆ ಅವರ ಅಪ್ಪ ಅಮ್ಮಂದಿರನ್ನೂ ಕೌನ್ಸೆಲರ್ ಬಳಿ ಕಳಿಸಿದರು. ಆಮೇಲೆ, ತನಗೂ ಈ ವಿಷಯ ಪೂರ್ತಿ ಅರ್ಥವಾಗಿಲ್ಲ ಅಂತ ಒಪ್ಪಿಕೊಂಡು, ತಾವೇ ಒಬ್ಬ ಮನಶ್ಶಾಸ್ತ್ರಜ್ಞರ ಮುಂದೆ ಹೋಗಿ ಕೂತರು. ಜೂನ್ 7ರ ಅವರ ಆದೇಶ ‘ಬದಲಾಯಿಸುವ’ ಚಿಕಿತ್ಸೆಯನ್ನು ನಿಷೇಧಿಸಿತು. ಮರುವರ್ಷದ ವೈದ್ಯಕೀಯ ಆಯೋಗದ ಮಾತಿಗೂ ಈ ಕೇಸೇ ಕಾರಣ.

ಹೆತ್ತವರ ಬಗ್ಗೆ ಕೌನ್ಸೆಲರ್ ಕೊಟ್ಟ ವರದಿಯಲ್ಲಿ ಒಂದು ಸಾಲಿದೆ. ಹೆಣ್ಣಿನ ಜೊತೆ ಬಾಳುವುದಕ್ಕಿಂತ ಮಗಳು ಜೀವನವಿಡೀ ಬ್ರಹ್ಮಚಾರಿಣಿಯಾಗಿ ಉಳಿದರೂ ಪರವಾಗಿಲ್ಲ, ಅದೇ ಮರ್ಯಾದೆ ಅಂತ ಅವರಿಗೆ ಅನಿಸಿತ್ತು. ಓದಿ ಮೊದಲು ಸಿಟ್ಟು ಬಂತು. ಆಮೇಲೆ ಇಂದು ಮಲ್ಹೋತ್ರಾ ಬರೆದ ‘ಕುಟುಂಬಗಳಿಗೂ’ ನೆನಪಾಯಿತು. ಅವರೂ ಯಾವುದೋ ಮದುವೆ ಮನೆಯ ಪಂಕ್ತಿಯಲ್ಲಿ ‘ಮಗಳಿಗೆ ಯಾವಾಗ’ ಅನ್ನುವ ಪ್ರಶ್ನೆಗೆ ಹೆದರಿ ಕೂತವರೇ. ಮಕ್ಕಳು ಹೇಳಿಕೊಂಡು ಹಗುರಾದ ದಿನದಿಂದ ಬಚ್ಚಿಡುವ ಕೆಲಸ ಅಪ್ಪ ಅಮ್ಮನಿಗೆ ಬರುತ್ತದೆ. ಅವರಿಗೆ ಆ ಕೆಲಸ ಮಾಡಿ ಅಭ್ಯಾಸವೂ ಇರುವುದಿಲ್ಲ.

ಆ ಕೆಲಸ ಬಿಟ್ಟ ಅಪ್ಪ ಅಮ್ಮಂದಿರೂ ಇದ್ದಾರೆ. ‘ಸ್ವೀಕಾರ್’ ಅನ್ನುವುದು ಅವರದೇ ಒಂದು ಗುಂಪು. 2023ರ ಏಪ್ರಿಲ್‌ನಲ್ಲಿ ಸಲಿಂಗ ವಿವಾಹದ ಕೇಸು ನಡೆಯುತ್ತಿದ್ದಾಗ ಅದರ 400ಕ್ಕೂ ಹೆಚ್ಚು ಹೆತ್ತವರು ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ನಮಗೆ ವಯಸ್ಸಾಗುತ್ತಿದೆ, ಕೆಲವರು ಇನ್ನೇನು 80 ಮುಟ್ಟುತ್ತೇವೆ, ನಾವಿರುವಾಗಲೇ ನಮ್ಮ ಮಕ್ಕಳ ಮದುವೆಗೆ ಕಾನೂನಿನ ಮುದ್ರೆ ಬೀಳುವುದನ್ನು ನೋಡಬೇಕು ಅಂತ ಅದರಲ್ಲಿತ್ತು. ಅಕ್ಟೋಬರ್ 17ರಂದು ತೀರ್ಪು ಬಂತು. ಇದು ಸಂಸತ್ತು ಮಾಡಬೇಕಾದ ಕೆಲಸ, ನಮ್ಮದಲ್ಲ ಅಂತ ಕೋರ್ಟ್ ಹೇಳಿತು.